ರೆಂಚ್ ‘ಕ್ಲಿಕ್’ ಎಂದ ಮೇಲೂ ಉಳಿದ ಕೆಲಸ: 1966ರ ಮಸ್ಟಾಂಗ್‌ಗೆ ಒಂದಿಂಚಿನ ಸ್ವೇ ಬಾರ್

ಕಾರು 1966ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್. 289 ಘನ ಇಂಚಿನ ವಿ8 ಎಂಜಿನ್, ಮುಂದೆ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್, ನಾಲ್ಕೂ ರೇಡಿಯಲ್ ಟೈರು. ಕಾರಿನ ಮೇಲಿದ್ದ ದೂರು ಒಂದೇ: ತಿರುವಿನಲ್ಲಿ ಹೊರಬದಿಗೆ ವಿಪರೀತ ವಾಲುತ್ತದೆ. ಅದಕ್ಕೆಂದು ಮುಂದಿನ ಮೂಲ ಸ್ವೇ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಉಕ್ಕಿನ ಸರಳು) ತೆಗೆದು, ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಬುಶ್‌ಗಳಿರುವ (ಬಾರನ್ನು ಸುತ್ತಿ ಹಿಡಿಯುವ ಮೆತ್ತೆಗಳು), ಒಂದಿಂಚು ದಪ್ಪದ ಆಫ್ಟರ್‌ಮಾರ್ಕೆಟ್, ಅಂದರೆ ಹೊರಗಿನ ತಯಾರಕರ, ಬಾರ್ ಹಾಕಲಾಯಿತು.

ವಾಲುವುದು ಕಡಿಮೆಯಾಯಿತು. ಆದರೆ ಮೊದಲಿಲ್ಲದ ನಾಲ್ಕು ತೊಂದರೆಗಳು ಹುಟ್ಟಿಕೊಂಡವು. ರಸ್ತೆಯುಬ್ಬನ್ನು ನೇರವಾಗಿ ಹತ್ತಿಳಿದರೂ ಮುಂಭಾಗ ಕುಲುಕುವಷ್ಟು ಗಡುಸಾಯಿತು. ನಿಧಾನವಾಗಿ ಹೋಗುವಾಗ ಕಿರ್ರೆನ್ನುವ ಸದ್ದು. ಎಡಗಡೆಯ ಚಕ್ರ ಗುಂಡಿಗಿಳಿದಾಗ ‘ಟಕ್’ ಎಂಬ ಪೆಟ್ಟು. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಬಲ ಟೈರಿನ ಒಳಮೈ ಯಾವುದಕ್ಕೋ ಉಜ್ಜುವ ಸದ್ದು.

ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಜೋಡಣೆ ಉಡಾಫೆಯಿಂದ ನಡೆದದ್ದಲ್ಲ. ಜೋಡಿಸಿದವರು ಪ್ರತಿ ಬೋಲ್ಟಿಗೂ ಟಾರ್ಕ್ ರೆಂಚ್ (ಗೊತ್ತುಮಾಡಿದ ಬಿಗಿ ಬಂದೊಡನೆ ‘ಕ್ಲಿಕ್’ ಎನ್ನುವ ಪಾನಾ) ಹಿಡಿದಿದ್ದರು, ಪ್ರತಿಯೊಂದೂ ಕಿಟ್ಟಿನ ಹಾಳೆಯಲ್ಲಿದ್ದ ಅಳತೆಗೆ ‘ಕ್ಲಿಕ್’ ಎಂದಿತ್ತು. ಹಾಗಿದ್ದೂ ಒಂದು ಕಡೆ ಬುಶ್ ಬಾರನ್ನು ಕಚ್ಚಿ ಹಿಡಿದಿತ್ತು, ಇನ್ನೊಂದು ಕಡೆ ಸಡಿಲವಾಗಿಯೇ ಉಳಿದಿತ್ತು. ಸ್ವೇ ಬಾರ್ ಕೆಲಸದಲ್ಲಿ ಬಿಗಿಯನ್ನು ಬುಶ್ ನೋಡಿ ತಿಳಿಯಬೇಕೇ ಹೊರತು ರೆಂಚ್‌ನ ಸದ್ದಿನಿಂದಲ್ಲ.

ಬಾರ್ ಯಾವಾಗ ಕೆಲಸ ಮಾಡಬೇಕು, ಯಾವಾಗ ಮಾಡಬಾರದು

ಈ ಮಸ್ಟಾಂಗ್‌ನ ಮುಂದಿನ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಮೇಲಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಬಾಡಿಗೆ ಜೋಡಿಸುವ ತೋಳು) ಮೇಲೆ ಕೂತಿರುತ್ತದೆ. ಕೆಳಗಿನ ಆರ್ಮ್ ಒಂದೇ ಕೋಲಿನದು. ಅದು ಹಿಂದೆಮುಂದೆ ಸರಿಯದಂತೆ ಸ್ಟ್ರಟ್ ರಾಡ್ ಮುಂದಿನಿಂದ ಹಿಡಿದಿರುತ್ತದೆ. ಸ್ವೇ ಬಾರ್‌ನ ನಡುಭಾಗವು ಎರಡು ಬುಶ್‌ಗಳ ಮೂಲಕ ಎಡ ಮತ್ತು ಬಲ ಫ್ರೇಮ್ ರೈಲುಗಳ (ಕಾರಿನಡಿಯ ಟೊಳ್ಳು ಉಕ್ಕಿನ ತೊಲೆಗಳು) ಅಡಿಗೆ ಕೂರುತ್ತದೆ. ಅದರ ಎರಡು ತೋಳುಗಳು ಹಿಂದಕ್ಕೆ ಬಾಗಿ, ಲಿಂಕ್ ಎಂಬ ಉದ್ದ ಬೋಲ್ಟಿನ ಜೋಡಣೆಗಳ ಮೂಲಕ ಕೆಳಗಿನ ಆರ್ಮ್‌ಗಳನ್ನು ಸೇರುತ್ತವೆ.

ಕಾರು ವಾಲಿದಾಗ ಒಂದು ಚಕ್ರ ಮೇಲೇರುತ್ತದೆ, ಇನ್ನೊಂದು ಇಳಿಯುತ್ತದೆ. ಆಗ ಬಾರ್ ತಿರುಚಿಕೊಂಡು ಎರಡನ್ನೂ ಸಮ ಮಾಡಲು ನೋಡುತ್ತದೆ. ಎರಡೂ ಚಕ್ರ ಒಟ್ಟಿಗೆ ಏರಿದರೆ ತಿರುಚುವ ಮಾತೇ ಇಲ್ಲ; ಬಾರ್ ತನ್ನ ಬುಶ್‌ಗಳೊಳಗೆ ಸುಮ್ಮನೆ ಉರುಳಬೇಕು. ಆದ್ದರಿಂದ ರಸ್ತೆಯುಬ್ಬನ್ನು ನೇರವಾಗಿ ಹತ್ತುವಾಗ ಸ್ವೇ ಬಾರ್ ಎಷ್ಟೇ ದಪ್ಪವಿದ್ದರೂ ಸವಾರಿಯ ಗಡಸುತನ ಬದಲಾಗಬಾರದು. ಬದಲಾಗಿದ್ದರೆ ಬಾರ್ ಬುಶ್‌ನಲ್ಲಿ ಉರುಳುತ್ತಿಲ್ಲ ಎಂದರ್ಥ. ಒಂದೇ ಚಕ್ರ ಗುಂಡಿಗೆ ಬಿದ್ದಾಗ ಮಾತ್ರ ಸ್ವಲ್ಪ ಗಡುಸು ಸಹಜ, ಅದು ದಪ್ಪ ಬಾರ್‌ಗೆ ತೆರಬೇಕಾದ ಬೆಲೆ. ನೇರ ಉಬ್ಬು ಮತ್ತು ಒಂಟಿ ಗುಂಡಿಯ ನಡುವಿನ ಈ ವ್ಯತ್ಯಾಸ ಅರಿತರೆ ಅರ್ಧ ತಪಾಸಣೆ ರಸ್ತೆಯಲ್ಲೇ ಮುಗಿಯುತ್ತದೆ.

ಒಂದಿಂಚೇ ಏಕೆ

ತೆಗೆದ ಮೂಲ ಬಾರ್ ವರ್ನಿಯರ್‌ನಲ್ಲಿ 11/16 ಇಂಚು, ಅಂದರೆ ಸುಮಾರು 17.5 ಮಿ.ಮೀ. ಇತ್ತು. ತಿರುಚಿಗೆ ಬಾರ್ ಒಡ್ಡುವ ವಿರೋಧ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ತೋಳುಗಳ ಆಕಾರ ಒಂದೇ ಎಂದಿಟ್ಟುಕೊಂಡರೆ ಒಂದಿಂಚಿನ ಬಾರ್ ಹಳೆಯದಕ್ಕಿಂತ 4.5 ಪಟ್ಟು ಗಡುಸು, 1⅛ ಇಂಚಿನದು 7 ಪಟ್ಟಿಗೂ ಹೆಚ್ಚು. ಕೈಯಲ್ಲಿ ಹಿಡಿದರೆ ಅವೆರಡರ ನಡುವೆ ಬರೀ 3 ಮಿ.ಮೀ. ವ್ಯತ್ಯಾಸ, ಕಣ್ಣಿಗೆ ಅಷ್ಟಾಗಿ ಕಾಣುವುದೂ ಇಲ್ಲ.

‘ಹೆಚ್ಚು ಬಲದ ಉಕ್ಕು’ ಎಂಬ ಮಾತಿಗೆ ಮರುಳಾಗಬೇಕಿಲ್ಲ. ಯಾವ ದರ್ಜೆಯ ಉಕ್ಕಾದರೂ ತಿರುಚುವಿಕೆಯ ಗಡಸುತನ ಹೆಚ್ಚುಕಡಿಮೆ ಒಂದೇ. ಒಳ್ಳೆಯ ಸ್ಪ್ರಿಂಗ್ ಉಕ್ಕು ತಿರುಚಿದ ಮೇಲೆ ಮೂಲ ಆಕಾರಕ್ಕೆ ಮರಳುತ್ತದೆ, ಬೇಗ ಬಿರುಕು ಬಿಡುವುದಿಲ್ಲ. ಅದರ ಹಿರಿಮೆ ಅಷ್ಟೇ. ಟೊಳ್ಳು ಬಾರ್‌ಗಳ ವಿಷಯ ಬೇರೆ. ನಡುವೆ ಅರ್ಧ ವ್ಯಾಸದಷ್ಟು ಟೊಳ್ಳು ಮಾಡಿದರೂ ಗಡಸುತನ ಹೋಗುವುದು ಹದಿನಾರನೇ ಒಂದು ಪಾಲು, ಕಡಿಮೆಯಾಗುವ ತೂಕ ಕಾಲು ಪಾಲು. ಮುಂಭಾರದ ಕಾರಿಗೆ ಅದು ಒಳ್ಳೆಯ ಆಯ್ಕೆ. ಈ ಕಾರಿಗೆ ಬಂದದ್ದು ಗಟ್ಟಿ ಬಾರ್.

ಒಂದಿಂಚಿನ ಅಳತೆಗೆ ಈ ಕಾರಿನ ವಂಶದಲ್ಲೇ ಹಿನ್ನೆಲೆಯಿದೆ. 1965ರ ಶೆಲ್ಬಿ ಜಿಟಿ350ಯಲ್ಲಿ ಮೇಲಿನ ಕಂಟ್ರೋಲ್ ಆರ್ಮ್‌ನ ಆಧಾರವನ್ನು ಒಂದಿಂಚು ಕೆಳಗಿಳಿಸಿ, ಮುಂದೆ ಒಂದಿಂಚಿನ ಬಾರ್ ಹಾಕಿದ್ದರು. ಬೀದಿಯಲ್ಲಿ ಓಡುವ ಕಾರಿಗೆ 1⅛ ಇಂಚು ಹೆಚ್ಚೆಂಬುದು ನಮ್ಮ ಅಭಿಪ್ರಾಯ. ಮುಂದಿನ ಬಾರ್ ದಪ್ಪವಾದಷ್ಟೂ ತಿರುವಿನಲ್ಲಿ ಮುಂದಿನ ಹೊರಚಕ್ರದ ಮೇಲೆ ಬೀಳುವ ಪಾಲು ಹೆಚ್ಚುತ್ತದೆ, ಕಾರು ತಿರುವಿನ ಹೊರಕ್ಕೆ ಮೂತಿ ಚಾಚುವ ಗುಣ, ಅಂದರೆ ಅಂಡರ್‌ಸ್ಟಿಯರ್, ಬೆಳೆಯುತ್ತದೆ. ಆದರೆ ಇದೇ ಕಾರಿನಲ್ಲಿ ದೇಹ ವಾಲಿದಾಗ ಹೊರಚಕ್ರವೂ ಕೆಟ್ಟದಾಗಿ ಹೊರಕ್ಕೆ ಬಾಗುತ್ತದೆ. ವಾಲುವುದನ್ನು ಹಿಡಿದರೆ ಟೈರು ನೆಟ್ಟಗೆ ನಿಂತು ಹಿಡಿತ ಮರಳುತ್ತದೆ. ಒಂದು ಮಿತಿಯವರೆಗೆ ಲಾಭವೇ ಹೆಚ್ಚು, ಅದು ದಾಟಿದರೆ ನಷ್ಟ.

ಇನ್ನೊಂದು ಲೆಕ್ಕವನ್ನು ಅನೇಕರು ಮರೆಯುತ್ತಾರೆ. ಹಳೆಯ ಬಾರ್ 500 ನ್ಯೂಟನ್ ಬಲ ಹುಟ್ಟಿಸುತ್ತಿದ್ದಷ್ಟೇ ತಿರುಚಿಗೆ ಹೊಸದು 2,200 ನ್ಯೂಟನ್‌ಗೂ ಮಿಕ್ಕಿ ಹುಟ್ಟಿಸುತ್ತದೆ. ಆ ಬಲವೆಲ್ಲ ಹೋಗುವುದು ಅದೇ ಹಳೆಯ ಫ್ರೇಮ್ ರೈಲಿಗೆ, ಅದೇ ನಾಲ್ಕು ಬೋಲ್ಟ್ ತೂತುಗಳಿಗೆ. ರೈಲಿನ ಲೋಹ ತುಕ್ಕು ತಿಂದು ತೆಳುವಾಗಿದ್ದರೆ ಬ್ರ್ಯಾಕೆಟ್ ಕಿತ್ತುಬರುತ್ತದೆ.

ಬಾರ್ ಬಿಚ್ಚುವ ಮೊದಲು

ಸವೆದ ಸಸ್ಪೆನ್ಷನ್ ಮೇಲೆ ದಪ್ಪ ಬಾರ್ ಹಾಕಿದರೆ ಸವೆತ ಮಾಯವಾಗದು. ಸದ್ದು ಮಾತ್ರ ಜಾಗ ಬದಲಿಸುತ್ತದೆ. ಈ ಕಾರಿನಲ್ಲಿ ಬಾಲ್ ಜಾಯಿಂಟ್‌ಗಳು, ಕೆಳಗಿನ ಆರ್ಮ್‌ನ ಒಳಬುಶ್‌ಗಳು, ಆರ್ಮ್‌ನಲ್ಲಿರುವ ಲಿಂಕ್ ತೂತುಗಳು ಸರಿ ಇದ್ದವು. ಲಿಂಕ್ ತೂತು ಅಂಡಾಕಾರಕ್ಕೆ ಸವೆದಿದ್ದರೆ ಯಾವ ಬುಶ್ ಹಾಕಿದರೂ ಸದ್ದು ನಿಲ್ಲುವುದಿಲ್ಲ. ಸ್ಟ್ರಟ್ ರಾಡ್‌ನ ಮುಂದಿನ ರಬ್ಬರ್‌ಗಳು ಬಿರಿದಿದ್ದವು. ಸನ್ನೆಕೋಲಿನಿಂದ ರಾಡನ್ನು ಮೀಟಿದರೆ ಎರಡು ಬೆರಳಗಲ ಹಿಂದೆಮುಂದೆ ಹೋಗುತ್ತಿತ್ತು. ಅವನ್ನು ಬದಲಿಸಿದರು. ಸ್ಟ್ರಟ್ ರಾಡ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಬಾರ್ ಒಂದನ್ನೇ ಬದಲಿಸಿದ್ದರೆ ಅದರ ಅಗತ್ಯವಿಲ್ಲ.

ಫ್ರೇಮ್ ರೈಲಿನ ತಳವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರು. ಗಟ್ಟಿ ಲೋಹ ಖಣಖಣ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಎರಡೂ ಕಡೆ ಗಟ್ಟಿಯಿತ್ತು.

ಕಿಟ್ಟಿನಲ್ಲಿ ಒಂದು ಬಾರ್, ಎರಡು ಸೀಳಿರುವ ಪಾಲಿಯುರೆಥೇನ್ ಬುಶ್, ಅವುಗಳ ಮೇಲೆ ಕೂರುವ ಎರಡು ಯು ಆಕಾರದ ಬ್ರ್ಯಾಕೆಟ್, ಅವಕ್ಕೆ 3/8 ಇಂಚಿನ ನಾಲ್ಕು ಬೋಲ್ಟು, ಎರಡು ಲಿಂಕ್ ಸೆಟ್, ಒಂದು ಸಣ್ಣ ಪೊಟ್ಟಣ ಸಿಲಿಕೋನ್ ಗ್ರೀಸ್ ಇದ್ದವು. ಒಂದೊಂದು ಲಿಂಕ್ ಸೆಟ್‌ನಲ್ಲಿ ಉದ್ದನೆಯ ಬೋಲ್ಟು, ನೈಲಾನ್ ಉಂಗುರದ ಲಾಕ್ ನಟ್ಟು, ಕೊಳವೆಯಂಥ ಸ್ಲೀವು, ನಾಲ್ಕು ಬುಶ್, ನಾಲ್ಕು ಬಟ್ಟಲು ವಾಷರ್. ಹಳೆಯ ಬ್ರ್ಯಾಕೆಟ್‌ಗಳನ್ನು ಮತ್ತೆ ಬಳಸುವಂತಿಲ್ಲ, ದಪ್ಪ ಬಾರ್ ಅವುಗಳಲ್ಲಿ ಕೂರುವುದೇ ಇಲ್ಲ. ಬಾರ್ ಪಕ್ಕಕ್ಕೆ ಸರಿಯದಂತೆ ತಡೆಯುವ ಕಾಲರ್‌ಗಳು ಕಿಟ್ಟಿನಲ್ಲಿ ಇರಲಿಲ್ಲ. ಈ ಕೊರತೆ ಮುಂದೆ ಕಾಡಿತು.

ಕಳಚುವಾಗ ಸುತ್ತಿದ ನಟ್ಟು

ಹಳೆಯ ಲಿಂಕ್‌ಗಳನ್ನು ಉಳಿಸಿಕೊಳ್ಳಬೇಕಿರಲಿಲ್ಲವಾದ್ದರಿಂದ ಗರಗಸದಿಂದ ಕತ್ತರಿಸಿದ್ದು ಸರಿಯಾಯಿತು. ಬ್ರ್ಯಾಕೆಟ್ ಬೋಲ್ಟ್‌ಗಳ ಮಾತು ಬೇರೆ. ಅವುಗಳ ನಟ್ಟುಗಳು ಪೆಟ್ಟಿಗೆಯಂತಿರುವ ಫ್ರೇಮ್ ರೈಲಿನ ಒಳಗೆ ಬೆಸೆದುಕೊಂಡಿರುತ್ತವೆ. ಮೂರು ದಿನ ಬೆಳಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕಿದ ಮೇಲೆ ಮೂರು ಬೋಲ್ಟು ಬಂದವು. ಬಲಗಡೆಯ ಹಿಂದಿನದು ಕಾಲು ಸುತ್ತು ಬಂದು, ಆಮೇಲೆ ಒಳಗಿನ ನಟ್ಟಿನ ಸಮೇತ ಸುತ್ತತೊಡಗಿತು.

ಇಂಥ ಹೊತ್ತಿನಲ್ಲಿ ರೈಲಿನ ಆರಪಾರ ತೂತು ಕೊರೆದು ಉದ್ದ ಬೋಲ್ಟ್ ತೂರಿಸುವುದು ಸುಲಭವೆನಿಸುತ್ತದೆ. ಒಳಗೆ ಸ್ಲೀವ್ ಇಡದೆ ಹಾಗೆ ಬಿಗಿದರೆ ಟೊಳ್ಳು ರೈಲು ಒಳಕ್ಕೆ ಕುಸಿಯುತ್ತದೆ, ಕುಸಿದಂತೆಲ್ಲ ಬೋಲ್ಟ್ ಸಡಿಲವಾಗುತ್ತದೆ. ತೂತಿನಲ್ಲಿ ಹಿಂಡಿ ಕೂರಿಸುವ ರಿವೆಟ್ ನಟ್ಟು ಇಷ್ಟು ಬಲಕ್ಕೆ ತಾಳುವುದಿಲ್ಲ. ಈ ಕಾರಿನಲ್ಲಿ ಮಾಡಿದ್ದು ಸರಿಯಾದ ದಾರಿ: ಬೋಲ್ಟ್ ತಲೆ ಕತ್ತರಿಸಿ, ರೈಲಿನ ಪಕ್ಕದಲ್ಲಿ ಸಣ್ಣ ಕಿಂಡಿ ಕೊರೆದು, 6 ಮಿ.ಮೀ. ದಪ್ಪದ ಪಟ್ಟಿಯಲ್ಲಿ ಬಲಗಡೆಯ ಎರಡೂ ಬೋಲ್ಟುಗಳಿಗೆ ಥ್ರೆಡ್ ಕೊಯ್ದು ಒಳಗಿಟ್ಟರು. ತಳದಿಂದ ಎರಡು ಕಡೆ ತೂತು ತುಂಬುವ ವೆಲ್ಡಿಂಗ್ ಹಾಕಿ, ಕಿಂಡಿ ಮುಚ್ಚಿದರು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಕಳಚಿ, ಹತ್ತಿರದ ಪೆಟ್ರೋಲ್ ಮತ್ತು ಬ್ರೇಕ್ ಪೈಪುಗಳನ್ನು ದೂರ ಸರಿಸಿ, ರೈಲಿಗೆ ಬಳಿದಿದ್ದ ಡಾಂಬರಿನಂಥ ಲೇಪ ಕೆರೆದು ತೆಗೆದಿದ್ದರು. ಆ ಲೇಪಕ್ಕೆ ಬೆಂಕಿ ಹತ್ತುವುದು ನಿಮಿಷದ ಕೆಲಸ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಇಷ್ಟೆಲ್ಲ ಸರಿಯಾಗಿ ಮಾಡಿ ಒಂದು ಸಣ್ಣ ವಿಷಯ ಬಿಟ್ಟುಹೋಯಿತು. ಅದು ಮುಂದೆ ಬರುತ್ತದೆ.

ಮೊದಲ ಜೋಡಣೆ

ಬುಶ್‌ನ ಒಳಮೈಗೆ ಗ್ರೀಸ್ ಸವರಿ ಬಾರ್ ಮೇಲೇರಿಸಿ, ಬ್ರ್ಯಾಕೆಟ್ ಮುಚ್ಚಿ, ಬೋಲ್ಟುಗಳನ್ನು 30 ಪೌಂಡ್-ಅಡಿಗೆ, ಅಂದರೆ ಸುಮಾರು 40 ನ್ಯೂಟನ್-ಮೀಟರ್‌ಗೆ ಬಿಗಿದರು. 3/8 ಇಂಚು ದಪ್ಪದ, ಇಂಚಿಗೆ 16 ಥ್ರೆಡ್ ಇರುವ ಗ್ರೇಡ್ 5 ಎಂಬ ಬಲದ ದರ್ಜೆಯ ಬೋಲ್ಟಿಗೆ ಥ್ರೆಡ್ ಒಣಗಿದ್ದಾಗ ಇದು ಸರಿಯಾದ ಅಳತೆ. ಥ್ರೆಡ್‌ಗೆ ಎಣ್ಣೆಯಿದ್ದರೆ ಇದರಲ್ಲಿ ಕಾಲು ಭಾಗ ಕಡಿಮೆ ಮಾಡಬೇಕು.

ಲಿಂಕ್‌ಗಳ ಸರದಿ ಬಂದಾಗ ಕಾರಿನ ಚಕ್ರಗಳು ನೇತಾಡುತ್ತಿದ್ದವು. ಬಾಡಿಯ ಕೆಳಗೆ ಸ್ಟ್ಯಾಂಡ್ ಇಟ್ಟು ಚಕ್ರ ಇಳಿಬಿಟ್ಟಿದ್ದಾಗ ಎಡ ಬಲ ಆರ್ಮ್‌ಗಳು ಸರಿಸಮ ಎತ್ತರದಲ್ಲಿ ಇರಲೇಬೇಕೆಂದಿಲ್ಲ. ಬಲಗಡೆಯ ಲಿಂಕ್ ಸಲೀಸಾಗಿ ಕೂತಿತು, ಎಡಗಡೆಯದಕ್ಕೆ ಬಾರ್‌ನ ಕಣ್ಣನ್ನು (ಲಿಂಕ್ ತೂರುವ ತುದಿಯ ತೂತು) ಕೈಯಿಂದ ಒತ್ತಿ ಕೆಳಗಿಳಿಸಬೇಕಾಯಿತು. ಹೀಗೆ ಒತ್ತಬೇಕಾಗಿ ಬಂದರೆ ಅಲ್ಲೇ ನಿಲ್ಲಿಸಬೇಕು. ಈ ದಪ್ಪದ ಬಾರ್‌ನಲ್ಲಿ ಕಣ್ಣುಗಳ ನಡುವಿನ ಪ್ರತಿ ಮಿ.ಮೀ. ವ್ಯತ್ಯಾಸಕ್ಕೂ ಹಲವು ಕೆ.ಜಿ. ಬಲ ಹುಟ್ಟುತ್ತದೆ. ಕಾರು ನೇರ ನಿಂತಾಗಲೂ ಆ ಬಲ ಉಳಿದರೆ ಎಡ ತಿರುವಿಗೂ ಬಲ ತಿರುವಿಗೂ ಕಾರು ಬೇರೆಬೇರೆಯಾಗಿ ನಡೆದುಕೊಳ್ಳುತ್ತದೆ.

ಎರಡೂ ಲಿಂಕ್ ನಟ್ಟುಗಳು ಹೇಳಿದ ಅಳತೆಗೆ ‘ಕ್ಲಿಕ್’ ಎಂದವು. ಕಾರು ರಸ್ತೆಗಿಳಿಯಿತು.

ಕಚ್ಚಿ ಹಿಡಿದ ಬಾರ್

ನೇರ ಉಬ್ಬಿನ ಗಡಸುತನ ಮತ್ತು ಕಿರ್ರೆನ್ನುವ ಸದ್ದು ಒಂದೇ ಕಾಯಿಲೆಯ ಎರಡು ಮುಖ. ಪರೀಕ್ಷೆ ಸರಳ. ಎರಡೂ ಲಿಂಕ್ ಕಳಚಿ, ಬಾರ್‌ನ ತುದಿಗಣ್ಣಿಗೆ ಸಾಮಾನು ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಬಾರ್ ಅಲುಗತೊಡಗುವವರೆಗೆ ಮೇಲಕ್ಕೆ ಎಳೆದರು. ಎರಡೂ ಬ್ರ್ಯಾಕೆಟ್ ಬಿಗಿದಿದ್ದಾಗ 14 ಕೆ.ಜಿ. ಎಡಗಡೆಯದು ಒಂದೇ ಬಿಗಿದಿದ್ದಾಗ 6, ಬಲಗಡೆಯದು ಒಂದೇ ಇದ್ದಾಗ 5.

ಈ ಮೂರು ಅಂಕಿಗಳನ್ನು ನಿಧಾನವಾಗಿ ಓದಬೇಕು. ಒಂದೊಂದೇ ಬಿಗಿದಾಗಲೂ 5–6 ಕೆ.ಜಿ. ಬೇಕಾದರೆ ಪ್ರತಿ ಬುಶ್ ಬಾರನ್ನು ಹಿಂಡುತ್ತಿದೆ. ಎರಡೂ ಬಿಗಿದಾಗ ಇವುಗಳ ಮೊತ್ತ 11ರ ಹತ್ತಿರ ಬರಬೇಕಿತ್ತು, ಬಂದದ್ದು 14. ಉಳಿದ 3 ಕೆ.ಜಿ.ಗೆ ಎಡ ಬಲ ಬುಶ್‌ಗಳು ಒಂದೇ ಗೆರೆಯಲ್ಲಿಲ್ಲದೆ ಬಾರನ್ನು ಓರೆಯಾಗಿ ಹಿಡಿದಿರುವುದೇ ಕಾರಣ. ಹಾಗಾದರೆ ಕಾರಣ ಒಂದಲ್ಲ, ಎರಡು.

ಮೊದಲ ಕಾರಣ ಬಣ್ಣ. ಬಾರ್ ಮೇಲೆ ಪೌಡರ್ ಕೋಟ್ ಇತ್ತು. ಹೆಸರಿಗೆ 25.4 ಮಿ.ಮೀ. ಇರಬೇಕಾದ ಬಾರ್ ಬುಶ್ ಕೂರುವ ಜಾಗದಲ್ಲಿ 25.65 ಮಿ.ಮೀ. ಅಳತೆಗೆ ಬಂತು. ಅದರ ಜೊತೆಗೆ ಬುಶ್‌ನ ಎತ್ತರ ಬ್ರ್ಯಾಕೆಟ್‌ನ ಒಳ ಎತ್ತರಕ್ಕಿಂತ 2 ಮಿ.ಮೀ. ಹೆಚ್ಚಿತ್ತು. ಬ್ರ್ಯಾಕೆಟ್ ಬುಶ್ಶನ್ನು ಸ್ವಲ್ಪ ಒತ್ತಿ ಹಿಡಿಯಬೇಕು ನಿಜ, ಅದಕ್ಕೆ ಅರ್ಧ ಮಿ.ಮೀ. ಸಾಕು. ಬೋಲ್ಟ್ ಬಿಗಿದಂತೆ ಬ್ರ್ಯಾಕೆಟ್‌ನ ಪಾದ ರೈಲಿಗೆ ತಾಗುವವರೆಗೂ ಬುಶ್ ನಲುಗಿತು. ಪಾದ ತಾಗಿದ ಮೇಲೆ ರೆಂಚ್ ‘ಕ್ಲಿಕ್’ ಎಂದಿತು. ಆ ‘ಕ್ಲಿಕ್’ ಹೇಳಿದ್ದು ಲೋಹಕ್ಕೆ ಲೋಹ ಸೇರಿದ ಸುದ್ದಿಯನ್ನು ಮಾತ್ರ.

ರಬ್ಬರ್ ಬುಶ್ ಆಗಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ. ರಬ್ಬರ್ ಬಾರನ್ನು ಹಿಡಿದುಕೊಂಡೇ ತಾನೂ ತಿರುಚಿಕೊಳ್ಳುತ್ತದೆ. ಪಾಲಿಯುರೆಥೇನ್ ಅಷ್ಟು ಮೃದುವಲ್ಲ, ಅದರಲ್ಲಿ ಬಾರ್ ಜಾರಲೇಬೇಕು. ಜಾರದೆ ಹಿಡಿದು, ಬಿಟ್ಟು, ಮತ್ತೆ ಹಿಡಿದಾಗ ಹುಟ್ಟುವುದೇ ಕಿರ್ರೆನ್ನುವ ಸದ್ದು. ಸದ್ದು ಕೇಳಿದೊಡನೆ ಗ್ರೀಸ್ ತುಂಬುವುದು ಎಲ್ಲರ ಮೊದಲ ಮದ್ದು. ಹಿಂಡಿದ ಬುಶ್‌ನಲ್ಲಿ ಗ್ರೀಸ್ ನಿಲ್ಲುವುದಿಲ್ಲ, ಪಕ್ಕಕ್ಕೆ ಒಸರಿ ಬರುತ್ತದೆ. ಈ ಕಾರಿನ ಬುಶ್ ಬಿಚ್ಚಿದಾಗ ಅಂಚುಗಳಲ್ಲಿ ಗ್ರೀಸ್ ಗುಪ್ಪೆಯಾಗಿತ್ತು, ನಡುವೆ ಒಣಗಿ ಹೊಳೆಯುತ್ತಿತ್ತು.

ಎರಡನೆಯ ಕಾರಣ ಬಲಗಡೆಯ ರೈಲಿನ ತಳದಲ್ಲಿತ್ತು. ಪಟ್ಟಿ ಬೆಸೆದಾಗ ಉಳಿದ ವೆಲ್ಡಿಂಗ್ ಗಂಟನ್ನು ಉಜ್ಜಿ ಸಮ ಮಾಡಿರಲಿಲ್ಲ, ಅದರ ಮೇಲೇ ಬಣ್ಣ ಬಳಿದಿದ್ದರು. ಬ್ರ್ಯಾಕೆಟ್ ಪಾದದ ಹೊರ ಅಂಚಿನ ಕೆಳಗೆ ಅವರೆಕಾಳಿನ ಅರ್ಧದಷ್ಟು ಗಾತ್ರದ ಗಂಟು, ಎತ್ತರ ಒಂದು ಮಿ.ಮೀ. ಪಾದದ ಅಗಲ 30 ಮಿ.ಮೀ. ಇದ್ದುದರಿಂದ ಬ್ರ್ಯಾಕೆಟ್ ಸುಮಾರು ಎರಡು ಡಿಗ್ರಿ ಒಳಗಡೆಗೆ ಓರೆಯಾಯಿತು. ನೆಟ್ಟಗಿನ ಬಾರನ್ನು ಎರಡು ಡಿಗ್ರಿ ಓರೆಯ ತೊಟ್ಟಿಲಲ್ಲಿ ಕೂರಿಸಿದರೆ ಅದು ಉರುಳುವುದೆಂತು? ಗಂಟು ಪಾದದ ಮುಂದಿನ ಇಲ್ಲವೇ ಹಿಂದಿನ ಅಂಚಿನಲ್ಲಿದ್ದಿದ್ದರೆ ಬ್ರ್ಯಾಕೆಟ್ ಬಾರ್‌ನ ಸುತ್ತಲೇ ಕೊಂಚ ಹೊರಳುತ್ತಿತ್ತು, ಇಷ್ಟು ಹಾನಿ ಮಾಡುತ್ತಿರಲಿಲ್ಲ. ಪಕ್ಕದ ಓರೆಯೇ ಅಪಾಯದ್ದು.

ಪರಿಹಾರ ಹೀಗೆ ನಡೆಯಿತು. ಬುಶ್ ಕೂರುವ ಎರಡು ಜಾಗಗಳಲ್ಲಿ, ಬುಶ್‌ಗಿಂತ ಬೆರಳಗಲ ಹೆಚ್ಚಾಗಿ, ಪೌಡರ್ ಕೋಟ್ ಉಜ್ಜಿ ತೆಗೆದರು. ಮೊದಲು 240, ಆಮೇಲೆ 400, ಕೊನೆಗೆ 600 ನಂಬರಿನ ಎಮರಿ ಪೇಪರನ್ನು ಪಟ್ಟಿಯಾಗಿ ಹರಿದು, ಬಾರ್‌ಗೆ ಸುತ್ತಿ, ಶೂ ಪಾಲಿಶ್ ಮಾಡುವಂತೆ ಎಳೆದಾಡಿದರು. ಅಳತೆ 25.4ಕ್ಕೆ ಬಂತು. ಬರಿ ಉಕ್ಕು ತುಕ್ಕು ಹಿಡಿಯುತ್ತದೆಯಾದ್ದರಿಂದ ಈ ಭಾಗ ಸದಾ ಗ್ರೀಸ್‌ನಲ್ಲಿರಬೇಕು. ಬ್ರ್ಯಾಕೆಟ್‌ನ ಪ್ರತಿ ಪಾದದ ಕೆಳಗೆ 1.5 ಮಿ.ಮೀ. ಉಕ್ಕಿನ ಷಿಮ್ (ತೆಳು ತಗಡಿನ ತುಂಡು) ಕೊಟ್ಟಾಗ ಬುಶ್ ಮೇಲಿನ ಒತ್ತು ಅರ್ಧ ಮಿ.ಮೀ.ಗೆ ಇಳಿಯಿತು. ಬುಶ್ಶನ್ನೇ ಉಜ್ಜಿ ಸಣ್ಣ ಮಾಡುವ ಉಪಾಯಕ್ಕೆ ಕೈಹಾಕಲಿಲ್ಲ, ಅದು ಎಲ್ಲೆಡೆ ಸಮ ಬರುವುದಿಲ್ಲ. ಈ ಹಂತದಲ್ಲಿ ತಕ್ಕಡಿ ಒಂದೊಂದಕ್ಕೂ 2 ಕೆ.ಜಿ. ತೋರಿಸಿತು, ಎರಡೂ ಬಿಗಿದರೆ ಇನ್ನೂ 7. ವೆಲ್ಡಿಂಗ್ ಗಂಟನ್ನು ಅರದಿಂದ ಉಜ್ಜಿ, ಉಕ್ಕಿನ ಅಳತೆಪಟ್ಟಿ ಅಡ್ಡವಿಟ್ಟು ಕೆಳಗೆ ಬೆಳಕು ತೂರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಪ್ರೈಮರ್ ಬಳಿದು ಮತ್ತೆ ಬಿಗಿದಾಗ 4ಕ್ಕೆ ಇಳಿಯಿತು. ಈಗ ಎರಡರ ಮೊತ್ತ ಲೆಕ್ಕಕ್ಕೆ ಸರಿ ಬಂತು. ಎತ್ತಿ ಬಿಟ್ಟರೆ ಬಾರ್ ತನ್ನ ತೂಕಕ್ಕೇ ನಿಧಾನವಾಗಿ ಕೆಳಗಿಳಿಯುತ್ತಿತ್ತು.

ಗ್ರೀಸ್ ವಿಷಯದಲ್ಲಿ ಒಂದು ಎಚ್ಚರ. ಪಾಲಿಯುರೆಥೇನ್‌ಗೆ ಸಿಲಿಕೋನ್ ಅಥವಾ ಪಿಟಿಎಫ್‌ಇ (ಟೆಫ್ಲಾನ್) ಇರುವ ಅಂಟು ಗ್ರೀಸ್ ಹಾಕಬೇಕು. ಚಕ್ರದ ಬೇರಿಂಗ್‌ಗೆ ಹಾಕುವ ಗ್ರೀಸ್ ರಬ್ಬರ್ ಬುಶ್‌ಗೆ ತಗಲಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ರಬ್ಬರ್ ಬುಶ್ ತೂರಿಸಲು ಸೋಪಿನ ನೀರೇ ಸಾಕು.

‘ಟಕ್’ ಎನ್ನುವ ಲಿಂಕ್

ಎಡಗಡೆಯ ಸದ್ದಿನ ಮೂಲ ಲಿಂಕ್ ಬೋಲ್ಟ್‌ನಲ್ಲಿತ್ತು. ಲಿಂಕ್ ಜೋಡಣೆಯ ಕ್ರಮ ಕೆಳಗಿನಿಂದ ಮೇಲಕ್ಕೆ ಹೀಗಿರಬೇಕು: ಬೋಲ್ಟ್ ತಲೆ, ವಾಷರ್, ಬುಶ್, ಕಂಟ್ರೋಲ್ ಆರ್ಮ್, ಬುಶ್, ವಾಷರ್, ಸ್ಲೀವ್, ವಾಷರ್, ಬುಶ್, ಬಾರ್‌ನ ಕಣ್ಣು, ಬುಶ್, ವಾಷರ್, ನಟ್ಟು. ವಾಷರ್‌ನ ಬಟ್ಟಲು ಯಾವಾಗಲೂ ಬುಶ್ ಕಡೆಗೆ. ಎಡಗಡೆ ಕ್ರಮ ಸರಿಯಿತ್ತು, ಒಂದು ವಾಷರ್ ಮಾತ್ರ ತಲೆಕೆಳಗಾಗಿತ್ತು.

ಅದಕ್ಕಿಂತ ದೊಡ್ಡ ತಪ್ಪು ಕಣ್ಣಿಗೆ ಬೀಳದಂತಿತ್ತು. ಬೋಲ್ಟ್‌ನ ತುದಿಯಲ್ಲಿ ಥ್ರೆಡ್ ಇದ್ದುದು ಕೊನೆಯ ಒಂದೂವರೆ ಇಂಚಿನಲ್ಲಿ. ನಟ್ಟು ಅಷ್ಟನ್ನೂ ಕ್ರಮಿಸಿ, ಥ್ರೆಡ್ ಮುಗಿದು ನುಣುಪು ಕಾಂಡ ಶುರುವಾಗುವಲ್ಲಿ ಕಚ್ಚಿಕೊಂಡಿತ್ತು. ರೆಂಚ್‌ಗೆ ಅದೇ ಬಿಗಿಯೆಂದು ಕಂಡಿತು. ಬುಶ್‌ಗಳು ಮಾತ್ರ ಒತ್ತಿಸಿಕೊಳ್ಳದೆ ಉಳಿದವು. ಕೆಳಗೆ ಕೈಹಾಕಿ ವಾಷರ್ ತಿರುಗಿಸಿದರೆ ಎರಡು ಬೆರಳಿಗೆ ತಿರುಗುತ್ತಿತ್ತು. ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ: ಸರಿಯಾಗಿ ಬಿಗಿದ ಲಿಂಕ್‌ನಲ್ಲಿ ವಾಷರ್ ಬೆರಳಿಗೆ ಅಲುಗಬಾರದು, ಬುಶ್‌ನ ಹೊಟ್ಟೆ ಉಬ್ಬಿ ವಾಷರ್‌ನ ಅಂಚಿಗೆ ಸರಿಸಮ ಬಂದಿರಬೇಕು. ಉಬ್ಬು ಅಂಚು ದಾಟಿ ಹೊರಬಂದರೆ ಹೆಚ್ಚಾಯಿತೆಂದು ಅರ್ಥ, ಅಂಥ ಬುಶ್ ಬೇಗ ಹರಿಯುತ್ತದೆ.

ಕಿಟ್ಟಿನ ಸ್ಲೀವ್ ಈ ಕಾರಿನ ಎತ್ತರಕ್ಕೆ ತುಸು ಚಿಕ್ಕದಾಗಿತ್ತು, ಬೋಲ್ಟ್ ಉದ್ದ ಮಿಕ್ಕಿತ್ತು. 12 ಮಿ.ಮೀ. ಹೆಚ್ಚು ಉದ್ದದ ಸ್ಲೀವ್ ಹಾಕಿದಾಗ ಎರಡು ಕೆಲಸ ಒಟ್ಟಿಗೆ ಆದವು: ನಟ್ಟು ಥ್ರೆಡ್‌ನ ನಡುಭಾಗದಲ್ಲೇ ನಿಂತು ಬುಶ್‌ಗಳನ್ನು ಒತ್ತಿತು, ಕಾರು ನೆಲದ ಮೇಲೆ ನಿಂತಾಗ ಬಾರ್‌ನ ತೋಳುಗಳು ನೆಲಕ್ಕೆ ಸಮಾನಾಂತರವಾದವು. ಉದ್ದ ಬದಲಿಸಿದರೆ ಎರಡೂ ಕಡೆ ಬದಲಿಸಬೇಕು. ಎಡಗಡೆಗಷ್ಟೇ ಸದ್ದು ಎಂದು ಅಲ್ಲಷ್ಟೇ ಸ್ಲೀವ್ ಬದಲಿಸಿದ್ದರೆ ಕಾರು ನಿಂತಲ್ಲೇ ಬಾರ್ ತಿರುಚಿಕೊಂಡಿರುತ್ತಿತ್ತು.

ಈ ಸಲ ಲಿಂಕ್‌ಗಳನ್ನು ಕೂರಿಸಿದ್ದು ಮುಂದಿನ ಎರಡೂ ಚಕ್ರಗಳನ್ನು ರ‍್ಯಾಂಪ್ ಹತ್ತಿಸಿ, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು. ಬಂಪರ್ ಮೇಲೆ ಮೂರ್ನಾಲ್ಕು ಸಲ ಭಾರ ಹಾಕಿ ಬಿಟ್ಟು, ಸಸ್ಪೆನ್ಷನ್ ತನ್ನ ಸಹಜ ಎತ್ತರಕ್ಕೆ ಬಂದ ಮೇಲೆ ಎರಡನೇ ಲಿಂಕ್ ಬೋಲ್ಟ್ ತೂರಿಸಿದರು. ಒತ್ತುವ, ಎಳೆಯುವ ಅಗತ್ಯವೇ ಬೀಳಲಿಲ್ಲ, ಬೋಲ್ಟ್ ಬೆರಳಿನಿಂದಲೇ ಒಳಹೋಯಿತು. ರ‍್ಯಾಂಪ್ ಇಲ್ಲದಿದ್ದರೆ ಎರಡೂ ಕೆಳಗಿನ ಆರ್ಮ್‌ಗಳ ಹೊರತುದಿಯ ಕೆಳಗೆ ಒಂದೇ ಎತ್ತರದ ಸ್ಟ್ಯಾಂಡ್ ಇಡಬಹುದು. ಜಾಕ್ ಒಂದನ್ನೇ ನಂಬಿ ಕಾರಿನಡಿ ಮಲಗುವುದು ಯಾವ ಸಂದರ್ಭದಲ್ಲೂ ಸಲ್ಲ.

ಟೈರಿಗೆ ಉಜ್ಜುತ್ತಿದ್ದುದು

ಸ್ಟೀರಿಂಗ್ ಎಡಕ್ಕೆ ತಿರುಗಿದಾಗ ಬಲ ಟೈರಿನ ಮುಂಭಾಗ ಒಳಕ್ಕೆ, ಬಾರ್‌ನ ತೋಳಿನ ಕಡೆಗೆ ಬರುತ್ತದೆ. ಬಲ ತೋಳಿನ ಹೊರಮೈಯಲ್ಲಿ ಹೆಬ್ಬೆರಳಗಲ ಬಣ್ಣ ಉಜ್ಜಿ ಉಕ್ಕು ಹೊಳೆಯುತ್ತಿತ್ತು. ಬಾರ್ ಬಲಕ್ಕೆ 9 ಮಿ.ಮೀ. ಸರಿದಿತ್ತು. ನುಣುಪಾದ ಬಾರ್, ಗ್ರೀಸ್ ಹಚ್ಚಿದ ಬುಶ್. ತಡೆಯುವವರು ಯಾರೂ ಇಲ್ಲದಿದ್ದರೆ ಅದು ಸರಿಯದೆ ಇರದು.

ಪ್ರತಿ ಫ್ರೇಮ್ ರೈಲಿನ ಒಳಮೈಯಿಂದ ಬಾರ್‌ನ ಬಾಗಿನವರೆಗೆ ಅಳೆದು ಬಾರನ್ನು ನಡುವಿಗೆ ತಂದು, ಎರಡು ತುಂಡಿನ ಕಾಲರ್‌ಗಳನ್ನು ಎರಡೂ ಬುಶ್‌ಗಳ ಒಳಬದಿಗೆ ಕೂರಿಸಿದರು. ಕಾಲರ್‌ಗೂ ಬುಶ್‌ಗೂ ನಡುವೆ ಒಂದು ಮಿ.ಮೀ. ಬಿಡಬೇಕು. ಅಂಟಿಸಿ ಬಿಗಿದರೆ ಈಗಷ್ಟೇ ಬಿಡಿಸಿದ ಬಾರ್ ಮತ್ತೆ ಕಚ್ಚಿಕೊಳ್ಳುತ್ತದೆ.

ಬಾರ್ ನಡುವಿಗೆ ಬಂದ ಮೇಲೂ ಸ್ಟ್ರಟ್ ರಾಡ್ ಹತ್ತಿರದ ಅಂತರ ನೋಡಲೇಬೇಕು. ದಪ್ಪ ಬಾರ್‌ಗಳು ಇಲ್ಲೇ ತಾಗುವುದು. ಇದಕ್ಕೆ ಮಕ್ಕಳಾಟದ ಮೇಣದ ಜೇಡಿ ತುಂಬ ಒಳ್ಳೆಯ ಸಾಧನ. ಬಾರ್‌ನ ಮೇಲೆ ಅನುಮಾನ ಬಂದ ಕಡೆಯಲ್ಲೆಲ್ಲ ಒಂದೊಂದು ಉಂಡೆ ಅಂಟಿಸಿ, ಗುಂಡಿಯ ರಸ್ತೆಯಲ್ಲಿ ಓಡಿಸಿ, ಎರಡೂ ಕಡೆ ಪೂರ್ತಿ ಸ್ಟೀರಿಂಗ್ ತಿರುಗಿಸಿ ಬಂದರು. ಎಡಗಡೆಯ ಸ್ಟ್ರಟ್ ರಾಡ್ ಎದುರಿನ ಜೇಡಿ 8 ಮಿ.ಮೀ.ಗೆ ಚಪ್ಪಟೆಯಾಗಿತ್ತು, ಬಲಗಡೆಯದು 10ಕ್ಕೆ. 6 ಮಿ.ಮೀ.ಗಿಂತ ಕಡಿಮೆಯಿದ್ದರೆ ನಾವು ಒಪ್ಪುವುದಿಲ್ಲ, ಬುಶ್‌ಗಳು ಹಳೆಯದಾದಂತೆ ಆ ಅಂತರ ಇನ್ನೂ ಕುಗ್ಗುತ್ತದೆ. ಬ್ರೇಕ್ ಹೋಸ್ ಎಲ್ಲಿಯೂ ಬಾರ್‌ಗೆ ಸವರುತ್ತಿರಲಿಲ್ಲ.

ರಸ್ತೆಯಲ್ಲಿ

ಮೊದಲು ನೋಡಿದ್ದು ಅದೇ ನೇರ ಉಬ್ಬನ್ನು. ಹಳೆಯ ಬಾರ್ ಇದ್ದಾಗಿನಷ್ಟೇ ಮೆತ್ತಗೆ ಹತ್ತಿಳಿಯಿತು. ಒಂಟಿ ಗುಂಡಿಯಲ್ಲಿ ಮೊದಲಿಗಿಂತ ಚೂಪಾಗಿ ತಿಳಿಯುತ್ತದೆ, ಸದ್ದಿಲ್ಲ. ತಿರುವಿನಲ್ಲಿ ಕಾರು ಚಪ್ಪಟೆಯಾಗಿ ಕೂತು, ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ಹೊರಳುತ್ತದೆ.

ನೂರು ಕಿ.ಮೀ. ಓಡಿದ ಮೇಲೆ ಬ್ರ್ಯಾಕೆಟ್ ಬೋಲ್ಟುಗಳನ್ನು ಮತ್ತೆ ರೆಂಚ್ ಹಿಡಿದು ನೋಡಿದಾಗ ಒಂದೂ ಅಲುಗಲಿಲ್ಲ. ಲಿಂಕ್ ಬುಶ್‌ಗಳು ಕೊಂಚ ಕೂತಿದ್ದವು, ನಟ್ಟುಗಳನ್ನು ಅರ್ಧ ಸುತ್ತು ಏರಿಸಿ ಬುಶ್‌ನ ಉಬ್ಬನ್ನು ವಾಷರ್ ಅಂಚಿಗೆ ಮರಳಿ ತಂದರು. ನೈಲಾನ್ ನಟ್ಟನ್ನು ಪೂರ್ತಿ ಬಿಚ್ಚಿ ಮತ್ತೆ ಹಾಕುವುದಾದರೆ ಹೊಸದೇ ಹಾಕಬೇಕು.

ಬಿಗಿ ತಿರುವುಗಳಲ್ಲಿ ವೇಗ ಹೆಚ್ಚಿಸಿದರೆ ಮುಂಭಾಗ ಸ್ವಲ್ಪ ಹೊರಕ್ಕೆ ಚಾಚುವುದು ಉಳಿದಿದೆ. ಮುಂದಿನ ಟೈರುಗಳಿಗೆ 2 ಪೌಂಡ್ ಗಾಳಿ ಹೆಚ್ಚಿಸಿದಾಗ ಅದು ಕಡಿಮೆಯಾಯಿತು. ಇದನ್ನು ಸರಿದೂಗಿಸಲು ಹಿಂದೆಯೂ ಒಂದು ಬಾರ್ ಹಾಕುವ ಯೋಚನೆ ಬಂದಿತ್ತು, ಬೇಡವೆಂದು ತೀರ್ಮಾನವಾಯಿತು. ಹಿಂದೆ ಎಲೆ ಸ್ಪ್ರಿಂಗಿನ ಮೇಲೆ ಕೂತ ಗಟ್ಟಿ ಆಕ್ಸಲ್, ಅದರಲ್ಲಿ ಎಂಜಿನ್ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಸಾದಾ ಡಿಫರೆನ್ಷಿಯಲ್. ಹಿಂದೆ ಬಾರ್ ಬಿಗಿದರೆ ತಿರುವಿನ ಒಳಚಕ್ರದ ಭಾರ ಕಳೆದು, ಆಕ್ಸಿಲರೇಟರ್ ಒತ್ತಿದೊಡನೆ ಆ ಚಕ್ರ ನಿಂತಲ್ಲೇ ಸುತ್ತುತ್ತದೆ. ಮುಂದಿನ ದಪ್ಪ ಬಾರ್ ಇದಕ್ಕೆ ತದ್ವಿರುದ್ಧ, ಹಿಂದಿನ ಒಳಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ತಿರುವಿನಿಂದ ಹೊರಬರುವಾಗ ಈ ಕಾರಿನ ವಿ8 ಶಕ್ತಿ ಈಗ ರಸ್ತೆಗೆ ಇಳಿಯುತ್ತಿದೆ, ಹಿಂದಿನ ಒಳಟೈರು ಕಿರುಚುವುದು ನಿಂತಿದೆ.